ಮೂರು ರಿಂಗಿಟ್ ದಾಟಿದ ಬೆಲೆ

ಮಲೇಷ್ಯಾದ ಇಪೋ ಊರಿನ ಷೇರು ದಲ್ಲಾಳಿ ಕಚೇರಿಯ ಹಜಾರಕ್ಕೆ ಮೇ ಫುನ್ ದಿನಾ ಬರುತ್ತಿದ್ದಳು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ, ಜೊತೆಗಿದ್ದ ತಂಗಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಜನವಿಲ್ಲ. ಗೋಡೆಯ ಫಲಕದಲ್ಲಿ ಬದಲಾಗುವ ಬೆಲೆಗಳನ್ನು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತಿಸುತ್ತ ಕೂರುವಳು.

ಕೊಳ್ಳಬೇಡಿ ಎಂದು ಎರಡು ಸಲ ಅವಳು ಎಚ್ಚರಿಸಿದ್ದಳು. ಎರಡು ಸಲವೂ ಬೆಲೆ ಬಿದ್ದಿತ್ತು. ಕಳೆದುಕೊಂಡವರು, "ಅವಳದು ಕರಿ ನಾಲಿಗೆ" ಎಂದು ದೂರ ಸರಿದರು. ಮಧ್ಯಾಹ್ನ ಊಟಕ್ಕೆ ಹೊರಟಾಗ ಅವಳನ್ನು ಕರೆಯುವುದನ್ನೇ ಬಿಟ್ಟರು.

ಒಂದು ದಿನ ಹಂಚಿನ ಕಂಪನಿಯ ಷೇರು ಮೂರು ರಿಂಗಿಟ್ ದಾಟಿತು. ಹಿಂದೆ ಮೂರು ಬಾರಿ ಅಲ್ಲಿಗೆ ಮುಟ್ಟಿ ಹಿಂದಿರುಗಿದ್ದ ಬೆಲೆ ಅದು. ಟೈರ್ ಅಂಗಡಿಯ ಮುದುಕ ಕ್ವಾಯ್ ಎದ್ದೇ ನಿಂತ.

"ದಾಟ್ತು ಕಣ್ರೋ! ಇನ್ನು ಇದನ್ನ ಹಿಡಿಯೋರಿಲ್ಲ!"

ಮೇ ಫುನ್ ಹಾಳೆ ನೋಡಿದಳು. ಬೆಲೆ ಏರಿದೆ, ಆದರೆ ಕೈ ಬದಲಾಗುತ್ತಿರುವ ಷೇರು ನಿನ್ನೆಯ ಅರ್ಧವೂ ಇಲ್ಲ. ಯಾರೋ ನಾಲ್ಕು ಜನ ತಮ್ಮತಮ್ಮಲ್ಲೇ ಕೊಂಡು ಮಾರಿ ಬೆಲೆ ಎತ್ತಿ ತೋರಿಸುತ್ತಿದ್ದಾರೆ. ಓಡಿ ಬಂದವರ ತಲೆಗೆ ಷೇರು ಕಟ್ಟಿ ಜಾರಿಕೊಳ್ಳುತ್ತಾರೆ.

"ಎರಡು ದಿನ ಮೂರರ ಮೇಲೆ ನಿಲ್ಲುತ್ತಾ ನೋಡಿ, ಆಮೇಲೆ ತಗೊಳ್ಳಿ" ಎಂದಳು.

"ಟೀಚರಮ್ಮ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳ್ಳಿ" ಎಂದಳು ಹೊಲಿಗೆ ಅಂಗಡಿಯ ಥೊಂಗ್. ಎಲ್ಲರೂ ನಕ್ಕರು.

ಆ ನಗು ಅಡಗುವ ಮೊದಲೇ ಮೇ ಫುನ್ ಎದ್ದು ದಲ್ಲಾಳಿಯ ಕಿಟಕಿಗೆ ಹೋಗಿ ತಾನೂ ಒಂದಷ್ಟು ಷೇರು ಕೊಂಡಳು.

"ನೋಡ್ರಪ್ಪ, ಟೀಚರ್ರೂ ಸೇರ್ಕೊಂಡ್ರು!" ಕ್ವಾಯ್ ಕೂಗಿದ. "ಬನ್ನಿ, ಇವತ್ತಿನ ಊಟ ನಂದು."

ಬೇಯಿಸಿದ ಕೋಳಿ, ಮೊಳಕೆಕಾಳು. ಮೇಜಿನ ನಡುವೆ ಅವಳಿಗೆ ಜಾಗ ಕೊಟ್ಟರು. ಥೊಂಗ್ ತನ್ನ ಕೈಯಾರೆ ಬಡಿಸಿದಳು. ಎಷ್ಟೋ ತಿಂಗಳ ಮೇಲೆ ಮೇ ಫುನ್ ಹೊಟ್ಟೆ ತುಂಬ ಉಂಡಳು.

ಮರುದಿನವೇ ಬೆಲೆ ಮೂರರ ಕೆಳಗಿಳಿಯಿತು. ವಾರದೊಳಗೆ ಎರಡಕ್ಕೆ ಬಂತು. ಥೊಂಗ್ ಬಂದು ಅವಳ ಪಕ್ಕ ಕೂತು ಕೈ ಹಿಡಿದಳು.

"ನೀವೂ ಮೋಸ ಹೋದ್ರಲ್ಲ. ನಾನು ಮೊದ್ಲು ಸ್ವಲ್ಪಾನೇ ತಗೊಂಡಿದ್ದೆ. ನೀವೇ ಕೊಂಡಿದ್ದು ನೋಡಿ, ಇದು ಗಟ್ಟಿ ಅಂತ ಇದ್ದಬದ್ದದ್ದೆಲ್ಲ ಹಾಕ್ದೆ."

ಸುಮ್ಮನಿದ್ದರೆ ಆ ಕೈ ಅಲ್ಲೇ ಇರುತ್ತಿತ್ತು.

"ಬೀಳುತ್ತೆ ಅಂತ ನಂಗೆ ಗೊತ್ತಿತ್ತು" ಎಂದಳು ಮೇ ಫುನ್.

"ಮತ್ತ್ಯಾಕೆ ಕೊಂಡ್ರಿ?"

"ಊಟಕ್ಕೆ ಕರೀತೀರಿ ಅಂತ."

ಥೊಂಗ್ ಮೆಲ್ಲಗೆ ಕೈ ಬಿಡಿಸಿಕೊಂಡು, ಚೀಲ ಎತ್ತಿಕೊಂಡು ಹೋದಳು. ಮತ್ತೆ ಹಜಾರಕ್ಕೆ ಬರಲಿಲ್ಲ.

ತಿಂಗಳಾದ ಮೇಲೆ ಮೇ ಫುನ್ ಹೊಲಿಗೆ ಅಂಗಡಿಯ ತನಕ ಹೋದಳು. ಥೊಂಗ್ ಯಂತ್ರದ ಮೇಲೆ ಬಗ್ಗಿ ಶಾಲೆಯ ನೀಲಿ ಲಂಗಗಳಿಗೆ ಅಂಚು ಹೊಲಿಯುತ್ತಿದ್ದಳು. ಎದುರಿನ ಕಂಬದ ನೆರಳಲ್ಲಿ ಬಹಳ ಹೊತ್ತು ನಿಂತಿದ್ದು, ಮೇ ಫುನ್ ಬಸ್ಸು ಹತ್ತಿದಳು.