ಅನ್ನದಂಟು ಹಚ್ಚಿದ ಚೀಟಿ

ನಮಗೆ ಮೊಮ್ಮಗಳು ಹುಟ್ಟಿದ್ದಾಳೆ! ನಿನ್ನೆ ಬೆಳಿಗ್ಗೆ, ಸಕಲೇಶಪುರದ ಆಸ್ಪತ್ರೆಯಲ್ಲಿ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಸುದ್ದಿ ಕೇಳಿದ್ದೇ ನನ್ನ ಮಗ ಬಸ್‌ಸ್ಟ್ಯಾಂಡಿನ ಎದುರಿನ ಮೆಡಿಕಲ್ ಅಂಗಡಿಗೆ ಓಡಿದ. ಔಷಧಿ ತರುವುದಕ್ಕಲ್ಲ, ಅಂಗಡಿಯವರಿಗೆ ಮೊದಲು ಹೇಳುವುದಕ್ಕೆ.

ಆ ಅಂಗಡಿಯವರ ಎರಡು ಕಿವಿಯಿಂದಲೂ ಬಿಳಿ ಕೂದಲು ಕುಚ್ಚಿನ ಹಾಗೆ ಇಣುಕುತ್ತವೆ. ಎದುರಿಗೆ ನಿಂತವರನ್ನು "ನಿದ್ದೆ ಬರ್ತೈತಾ? ಊಟ ಸೇರ್ತೈತಾ?" ಎಂದು ಕೇಳದೆ ಒಂದು ಮಾತ್ರೆಯನ್ನೂ ಕೊಡುವುದಿಲ್ಲ. ಆದರೆ ನಾವು ಎದುರಿಗೆ ಹೋಗುತ್ತಲೇ ಇರಲಿಲ್ಲ. ಯಸಳೂರಿನಿಂದ ಆಚೆಯ ನಾವೆಲ್ಲ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಕೊಟ್ಟರೆ, ಸಂಜೆಯ ಬಸ್ಸಿಗೆ ಮಾತ್ರೆ ಬಂದುಬಿಡುತ್ತಿತ್ತು.

ಮದುವೆಗೆ ಮುಂಚೆ ಒಮ್ಮೆ ಮಗ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದ. ಡಾಕ್ಟರು ಹತ್ತು ದಿನಕ್ಕೆಂದು ನೋವಿನ ಮಾತ್ರೆ ಬರೆದುಕೊಟ್ಟರು. ನುಂಗಿದರೆ ಅವನಿಗೆ ನೋವೂ ಇಲ್ಲ, ಯೋಚನೆಯೂ ಇಲ್ಲ. ಹತ್ತು ದಿನ ಹೋಗಿ ವರ್ಷವಾಯಿತು. ಚೀಟಿ ಕಳಿಸುತ್ತಿದ್ದವಳು ನಾನೇ. ಮಡಿಚಿ ಮಡಿಚಿ ಅದು ಹರಿದಾಗ ಅನ್ನದಂಟು ಹಚ್ಚಿ ಹಳೇ ಕ್ಯಾಲೆಂಡರಿನ ರಟ್ಟಿಗೆ ಅಂಟಿಸಿದೆ. ಮಗ ಕಾಫಿ ಗಿಡದ ಕೆಳಗೆ ಖಾಲಿ ಬುಟ್ಟಿ ಹಿಡಿದು ತೂಕಡಿಸುತ್ತಿದ್ದ. ಮಾತ್ರೆ ತಡವಾದರೆ ಬೆವರಿ, ನಡುಗಿ, ನನ್ನ ಮೇಲೆ ರೇಗುತ್ತಿದ್ದ. ನೋವು ಜಾಸ್ತಿಯಾಯಿತೆಂದು ನಾನು ಇನ್ನೂ ಬೇಗ ಚೀಟಿ ಕಳಿಸುತ್ತಿದ್ದೆ.

ಒಂದು ಸಂಜೆ ಮಾತ್ರೆ ಬರಲಿಲ್ಲ. ಚೀಟಿಯೂ ಬರಲಿಲ್ಲ. ಮಾರನೇ ದಿನ ಜಗಳಕ್ಕೇ ಬಸ್ಸು ಹತ್ತಿದೆ.

"ನನ್ ಚೀಟಿ ಎಲ್ರೀ?"

ಅಂಗಡಿಯವರು ಅದನ್ನು ಎತ್ತಿ ತೋರಿಸಿದರು. "ದೇವ್ರ ಪಟಾನೂ ಇಷ್ಟು ಚೆನ್ನಾಗಿ ಅಂಟ್ಸಲ್ಲ ಕಣವ್ವ ಯಾರೂ. ಹತ್ತು ದಿನದ ಚೀಟಿ, ವರ್ಷದಿಂದ ಓಡ್ತೈತೆ. ಈ ತಿಂಗ್ಳು ಇದು ನಾಕ್ನೇ ಸಲ."

"ನೋವೈತೆ, ಕಳಿಸ್ತೀನಿ. ನಿಮ್ಗೇನ್ರೀ?"

"ಸೊಂಟದ ನೋವು ಯಾವತ್ತೋ ಹೋಗಿರ್ಬೇಕು. ಈಗ ಮಾತ್ರೆನೇ ಹಿಡ್ಕಂಡೈತೆ ಅವ್ನನ್ನ. ನಂದೂ ತಪ್ಪೈತೆ. ಬಸ್ಸಿನ ಕೈಗೆ ಕೊಟ್ಟು ಕೊಟ್ಟು ನುಂಗೋನ ಮುಖಾನೇ ನೋಡ್ಲಿಲ್ಲ."

ಆಗಲೇ ಅಂಗಡಿ ಬಾಗಿಲೆಳೆದು ನನ್ನ ಜೊತೆ ಊರಿಗೆ ಬಂದರು. ಮಗ ಅಂಗಳದಲ್ಲೇ ಕೂಗಾಡಿದ.

"ಬೈಯೋ ಮಾರಾಯ, ಬೈಗುಳಕ್ಕೆ ಡಾಕ್ಟ್ರು ಬರ್ಕೊಡ್ಬೇಕಾಗಿಲ್ಲ" ಎಂದು ಅವರು ಜಗಲಿಯಲ್ಲಿ ಕೂತೇಬಿಟ್ಟರು. ಕೂಗಿ ಸುಸ್ತಾದ ಮಗ ಅತ್ತ.

"ಬಿಡ್ಬೇಕು ಅಂತಾನೇ ಐತೆ. ಆಗ್ತಿಲ್ಲ."

"ಒಬ್ನೇ ಬಿಡಾಕ್ ಹೋಗ್ಬೇಡ, ಒಂದೇ ಏಟ್ಗೂ ಬಿಡ್ಬೇಡ. ನಾಳೆ ಡಾಕ್ಟ್ರ ತಾವ ಹೋಗಣ."

ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಮಾತ್ರೆ ಇಳಿಸಿದರು. ಅಂಗಡಿಯವರು ಒಂದು ವಾರಕ್ಕಾಗುವಷ್ಟೇ ಕೊಡುತ್ತಿದ್ದರು, ಅದೂ ಮಗನೇ ಬಂದರೆ. ಸ್ಟೂಲಿನ ಮೇಲೆ ಕೂರಿಸಿ, ಟೀ ತರಿಸಿ, ಅವನು ಮಾತಾಡುವವರೆಗೂ ಬಿಡುತ್ತಿರಲಿಲ್ಲ. ಅವನ ಒದ್ದಾಟ ನೋಡಲಾರದೆ ನಾನೇ ಒಮ್ಮೆ ಕದ್ದು ಹೋಗಿ, ಒಂದೇ ಒಂದು ಹೆಚ್ಚಿಗೆ ಕೊಡಿ ಎಂದು ಕೇಳಿದೆ.

"ಮೊದ್ಲು ನಿಮ್ಗೆ ಬಿಡಿಸ್ಬೇಕು ಕಣವ್ವ, ಚೀಟಿ ಕಳ್ಸೋ ಚಟ!" ಎಂದು ನಗುತ್ತಾ ಬರಿಗೈಲಿ ಕಳಿಸಿದರು. ಬಸ್ಸಿನಲ್ಲಿ ದಾರಿಯಿಡೀ ಬೈದುಕೊಂಡೇ ಬಂದೆ.

ತಿಂಗಳುಗಳೇ ಹಿಡಿದವು, ಆದರೆ ಮಗ ಪೂರ್ತಿ ಬಿಟ್ಟ. ಆಮೇಲೆ ಮದುವೆ, ಈಗ ಈ ಬಂಗಾರದಂಥ ಹುಡುಗಿ!

ನಿನ್ನೆ ಸಂಜೆ ಅಂಗಡಿಯವರು ಮನೆಯಿಂದ ಅಕ್ಕಿರೊಟ್ಟಿ, ಕಾಳುಪಲ್ಯದ ಕ್ಯಾರಿಯರ್ ಹಿಡಿದು ವಾರ್ಡಿಗೆ ಬಂದರು. ಮಗುವನ್ನು ಬಗ್ಗಿ ನೋಡಿ, "ಅಯ್ಯೋ ಪಾಪ, ಅಜ್ಜಿ ಮೂಗೇ ಬಂದ್ಬುಟ್ಟೈತಲ್ಲ!" ಎಂದರು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿಮ್ ಋಣ ನಾವು..." ಎಂದು ನಾನು ಶುರುಮಾಡಿದೆ.

"ರೊಟ್ಟಿ ಆರೋಗ್ತೈತೆ, ಬಡ್ಸವ್ವ."

ನಾನು, ನಮ್ಮ ಯಜಮಾನರು, ಬೀಗರು, ಅಂಗಡಿಯವರು ಎಲ್ಲ ಮಂಚದ ಸುತ್ತ ಕೂತೆವು. ಸೊಸೆಗೆ ಬಿಸಿ ಅನ್ನ, ಮೆಣಸಿನ ಸಾರು. ಮಗ ಮಾತ್ರ ಮಗಳನ್ನು ಎತ್ತಿಕೊಂಡವನು ಕೆಳಗಿಳಿಸಲೊಲ್ಲ. ರೊಟ್ಟಿ ಮುರಿದು ನಾನೇ ಅವನ ಬಾಯಿಗಿಟ್ಟೆ.

"ಅವ್ವಾ, ಪಲ್ಯ ಇನ್ನೊಂಚೂರು ಹಾಕು" ಎಂದ. ಹಾಕಿದೆ.