ಸಾವಿರದ ಎಂಟುನೂರು ಇಟ್ಟಿಗೆ

ಪಕ್ಕದ ಸೈಟಿನಲ್ಲಿ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದಾರೆ. ಒಣ ಇಟ್ಟಿಗೆಯ ಮೇಲೆ ನೀರು ಬಿದ್ದಾಗ ಏಳುವ ವಾಸನೆ ನಿಮಗೂ ಇಷ್ಟವಿರಬಹುದು. ನನಗೆ ಮಾತ್ರ ಅದು ಮೂಗಿಗೆ ತಾಗಿದ ಕೂಡಲೇ ಏಳನೆಯ ಇಯತ್ತೆಯ ಗಣಿತದ ಪ್ರಶ್ನಪತ್ರಿಕೆ ನೆನಪಾಗಿ, ಕಿಟಕಿ ಮುಚ್ಚಿಬಿಡೋಣ ಅನಿಸುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಗಣಿತದ ಮಾಸ್ತರ. ಸಾಮಾನ್ಯ ಮಾಸ್ತರನಲ್ಲ, ಪರೀಕ್ಷೆಗಳನ್ನೇ ಪರೀಕ್ಷಿಸುವ ವಿದ್ಯೆ ಕಲಿತವನು. ಹತ್ತು ದಿನದ ತರಬೇತಿಗೆ ಹೋಗಿ, ಪರೀಕ್ಷೆಗೆ ಸಿಂಧುತ್ವ ಎಂಬುದೊಂದು ಇರಬೇಕು, ಅಂದರೆ ಅದು ಏನನ್ನು ಅಳೆಯಲು ಹೊರಟಿದೆಯೋ ಅದನ್ನೇ ಅಳೆಯಬೇಕು ಎಂದು ತಿಳಿದು ಬಂದಿದ್ದೆ. ತಿಳಿದದ್ದಕ್ಕೆ ಪುರಾವೆಯೂ ಇತ್ತು. ಕೊನೆಯ ದಿನದ ಪರೀಕ್ಷೆಯಲ್ಲಿ ಆ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಬಾಯಿಪಾಠ ಬರೆದು ಎಲ್ಲರಿಗಿಂತ ಹೆಚ್ಚು ಅಂಕ ಪಡೆದಿದ್ದೆ. ಅಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಸಾಬುದಾಣಿ ವಡೆ ಬಹಳ ಚೆನ್ನಾಗಿರುತ್ತಿತ್ತು. ತರಬೇತಿಯಲ್ಲಿ ನನಗೆ ನಿಜವಾಗಿ ದಕ್ಕಿದ್ದು ಅದೊಂದೇ ಏನೋ ಎಂದು ಈಗ ಅನುಮಾನ.

ಹಿಂತಿರುಗಿದವನೇ ಸಿಂಧುತ್ವ ತುಂಬಿ ತುಳುಕುವ ಪತ್ರಿಕೆ ತೆಗೆದೆ. ತರಗತಿಯಲ್ಲಿ ಅರ್ಧ ಜನ ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಅವರ ಬದುಕಿಗೆ ಹತ್ತಿರವಾಗಲಿ ಎಂದು ಗೋಡೆಯ ಲೆಕ್ಕವನ್ನೇ ಕೊಟ್ಟೆ. ಗೋಡೆ ಆರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, ಇಪ್ಪತ್ತು ಸೆಂಟಿಮೀಟರ್ ದಪ್ಪ. ಇಟ್ಟಿಗೆ ಇಪ್ಪತ್ತು ಸೆಂಟಿಮೀಟರ್ ಉದ್ದ, ಹತ್ತು ಅಗಲ, ಹತ್ತು ಎತ್ತರ. ಎಷ್ಟು ಇಟ್ಟಿಗೆ ಬೇಕು? ಒಂದರ ಗಾತ್ರದಿಂದ ಇನ್ನೊಂದನ್ನು ಭಾಗಿಸಿದರೆ ಸಾವಿರದ ಎಂಟುನೂರು. ಎಂಟು ಅಂಕ. ಮೂವತ್ತು ಮಂದಿ ಹಾಗೆಯೇ ಬರೆದು ನನ್ನ ಪಾಠದ ಕೀರ್ತಿ ಹೆಚ್ಚಿಸಿದರು.

ಶರಣವ್ವ ಎಂಬ ಹುಡುಗಿ ಮಾತ್ರ ಸಾವಿರದ ಆರುನೂರು ಎಂದು ಬರೆದಳು. ಇಟ್ಟಿಗೆಗಳ ನಡುವೆ ಉದ್ದಕ್ಕೂ ಎತ್ತರಕ್ಕೂ ಒಂದು ಸೆಂಟಿಮೀಟರ್ ಮಾಲು ಬರುತ್ತದೆ, ಹಾಗಾಗಿ ಸಾವಿರದ ಐನೂರ ಅರವತ್ತು ಸಾಕು, ಒಡೆಯುವುದಕ್ಕೆಂದು ನಲವತ್ತು ಹೆಚ್ಚು ತರಿಸಬೇಕು ಎಂದು ಕೆಳಗೆ ವಿವರಣೆ ಬೇರೆ. ಮಾಲು ಎಂದರೆ ಸಿಮೆಂಟು, ಉಸುಕು ಕಲಸಿದ್ದು. ಅವಳ ಅವ್ವ ದಿನವೂ ಬುಟ್ಟಿಯಲ್ಲಿ ಹೊರುತ್ತಿದ್ದದ್ದು ಅದನ್ನೇ. ನಾನು ಕೆಂಪು ಪೆನ್ಸಿಲಿನಲ್ಲಿ ‘ಪ್ರಶ್ನೆಗೆ ಸಂಬಂಧವಿಲ್ಲ’ ಎಂದು ಬರೆದು ದುಂಡಗೆ ಸೊನ್ನೆ ಸುತ್ತಿದೆ.

ಐದು ಅಂಕ ಕಡಿಮೆ ಬಿದ್ದು ಅವಳು ನಪಾಸಾದಳು. ಪಾಸಾದರೆ ಎಂಟನೆಯ ಇಯತ್ತೆ, ಇಲ್ಲವಾದರೆ ಅವ್ವನ ಜೊತೆ ಬುಟ್ಟಿ ಎಂದು ಅವಳಪ್ಪ ವರ್ಷದ ಮೊದಲಿಗೇ ನನ್ನೆದುರು ಹೇಳಿ ಹೋಗಿದ್ದ. ಗೊತ್ತಿದ್ದೂ ಸುತ್ತಿದ ಸೊನ್ನೆ ಅದು. ಸಿಂಧುತ್ವ ಕಲಿತವನು ಕರುಣೆಗೆಲ್ಲ ಕರಗಬಾರದಲ್ಲ.

ಬೇಸಿಗೆ ರಜೆಯಲ್ಲಿ ಶಾಲೆಗೊಂದು ಗೋಡೆ ಕಟ್ಟಿಸುವುದಿತ್ತು. ಗಣಿತದವನೆಂದು ಇಟ್ಟಿಗೆಯ ಲೆಕ್ಕ ನನಗೇ ಒಪ್ಪಿಸಿದರು. ಸೂತ್ರ ಹಾಕಿ ತರಿಸಿದೆ. ಗೋಡೆ ಮುಗಿಯಿತು, ಇಟ್ಟಿಗೆ ಮುಗಿಯಲಿಲ್ಲ. ಒಂಬತ್ತಕ್ಕೆ ಒಂದರಂತೆ ಉಳಿದು ಅಂಗಳದಲ್ಲಿ ಕೂತವು. ಲೆಕ್ಕ ಹಾಕಿದವರು ಮಾಲು ಬೇಡವೆಂದಿದ್ದರೇ ಎಂದು ಗೋಡೆ ಕಟ್ಟಿದ ಗೌಂಡಿ ಮರಾಠಿಯಲ್ಲಿ ಬಹಳ ವಿನಯದಿಂದ ಕೇಳಿದ.

ಮುಖ್ಯಾಧ್ಯಾಪಕರ ಹತ್ತಿರ ಓಡಿದೆ. ಶರಣವ್ವನಿಗೆ ಎಂಟು ಅಂಕ ಕೊಡಲೇಬೇಕೆಂದೆ. ಅವರು ಸಮಾಧಾನದ ಮನುಷ್ಯ.

“ಆಕೀದು ಖರೆ ಅಂದ್ರ ಉಳಿದ ಮೂವತ್ತು ಮಂದೀದು ತಪ್ಪಾತಲ್ರಿ ಮಾಸ್ತರ. ಅವರನ್ನೆಲ್ಲಾ ನಪಾಸ ಮಾಡೋಣೇನು?”

 ಜೂನಿನಲ್ಲಿ ಮರುಪರೀಕ್ಷೆ ಇದೆ, ಪುಸ್ತಕವೂ ಅದೇ, ಲೆಕ್ಕಗಳೂ ಅವೇ, ತಿದ್ದುವವರೂ ನೀವೇ ಎಂದು ಹೇಳಿ ಅವರು ಮಾತು ಮುಗಿಸಿದರು.

ಶರಣವ್ವನ ಮನೆಯವರು ಆಗಲೇ ಪುಣೆಯಾಚೆ ಶಿರೂರಿನ ಕಡೆ ಕೆಲಸಕ್ಕೆ ಹೋಗಿದ್ದರು. ಬಸ್ಸು ಹತ್ತಿ ಹುಡುಕಿಕೊಂಡು ಹೋದೆ. ಅವಳು ತಲೆಯ ಮೇಲಿನ ಬುಟ್ಟಿ ಇಳಿಸಿ ನಮಸ್ಕಾರ ಮಾಡಿದಳು. ನಿನ್ನ ಉತ್ತರವೇ ಸರಿ, ತಪ್ಪಿದ್ದು ನಾನು ಎಂದೆ. ಅವಳ ಮುಖ ಅರಳಿತು. ಮರುಪರೀಕ್ಷೆಯ ವಿಷಯ ಹೇಳಿದೆ.

“ಅದ ಲೆಕ್ಕ ಬಂದ್ರ ಈ ಸಲ ಏನ್ ಬರೀಲ್ರಿ ಸರ?”

“ಪುಸ್ತಕದಾಗ ಇದ್ದಂಗ ಬರಿ.”

“ಮಾಲು ಬಿಡಬೇಕೇನ್ರಿ?”

“ಬಿಡು,” ಎಂದೆ.

ಅವಳು ಬುಟ್ಟಿ ಮತ್ತೆ ತಲೆಗೇರಿಸಿದಳು. ಜೂನಿನಲ್ಲಿ ಬಂದಳು, ಮಾಲು ಬಿಟ್ಟಳು, ಎಂಟಕ್ಕೆ ಎಂಟು ತೆಗೆದುಕೊಂಡು ಪಾಸಾದಳು. ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಇಷ್ಟು ವರ್ಷ ಇದನ್ನು ಮದುವೆ ಊಟದ ಪಂಕ್ತಿಗಳಲ್ಲಿ ಹೇಳಿ ಜನರನ್ನು ನಗಿಸುತ್ತ ಬಂದಿದ್ದೇನೆ. ನಿಮ್ಮನ್ನೂ ನಗಿಸುವ ಉಮೇದಿನಲ್ಲೇ ಶುರುಮಾಡಿದ್ದೆ. ಹೇಳುತ್ತ ಹೇಳುತ್ತ ಉಳಿದ ಮೂವತ್ತು ಮಂದಿ ಇವತ್ತು ಮೊದಲ ಸಲ ಕಣ್ಣ ಮುಂದೆ ಬಂದರು. ಅವರಲ್ಲೂ ಅರ್ಧ ಜನ ಇಟ್ಟಿಗೆ, ಉಸುಕಿನ ನಡುವೆಯೇ ಬೆಳೆದವರು. ಅವರಿಗೆ ಮಾಲು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಈ ಮಾಸ್ತರನಿಗೆ ಎಷ್ಟು ಹೇಳಿದರೆ ಸಾಕೆಂಬುದೂ ಗೊತ್ತಿತ್ತು. ನನ್ನನ್ನು ನಂಬಿ, ತನಗೆ ತಿಳಿದದ್ದನ್ನು ಬರೆದವಳು ಶರಣವ್ವ ಒಬ್ಬಳೇ.