ಯಾರಿಗೂ ಇಷ್ಟವಾಗದ ಕಾರ್ಟೂನು

ವಿಡಿಯೋ ಅಂಗಡಿಯ ಕಪಾಟಿನಲ್ಲಿ ಧೂಳು ಹಿಡಿದ ಕ್ಯಾಸೆಟ್ಟನ್ನು ಕಂಡೊಡನೆ, ಅದನ್ನು ಮೆಚ್ಚಿದವರೇ ಇಲ್ಲವೆಂದು ತೀರ್ಪು ಕೊಡುವ ವಿದ್ವಾಂಸರು ಲೋಕದಲ್ಲಿ ಹೇರಳವಾಗಿದ್ದಾರೆ. ತೊಂಬತ್ತರ ದಶಕದಲ್ಲಿ ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆ ವಾಸವಾಗಿದ್ದಾಗ ಆ ವಿದ್ವತ್ಸಭೆಯ ಅಧ್ಯಕ್ಷಪೀಠವನ್ನು ನಾನೇ ಅಲಂಕರಿಸಿದ್ದೆ. ಕಟ್ಟಡ ಕಂಪನಿಯೊಂದರ ಪರ್ಚೇಸ್ ವಿಭಾಗದಲ್ಲಿ ಸಿಮೆಂಟು, ಕಬ್ಬಿಣದ ಸರಳು ಕೊಳ್ಳುತ್ತಿದ್ದ ನನಗೆ, ಮಾರಾಟವಾಗದ್ದು ಮೆಚ್ಚುಗೆಗೂ ಅನರ್ಹ ಎಂಬುದು ವೇದವಾಕ್ಯ. ಸರಳನ್ನೂ ಸರಸ್ವತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಧೈರ್ಯ, ಓದುಗ ಮಹಾಶಯರೇ, ಈ ಗದಗಿನವನಿಗಲ್ಲದೆ ಇನ್ನಾರಿಗೆ ಬರಬೇಕು?

ನಮ್ಮ ಕಟ್ಟಡದ ಕೆಳಗೇ ಬಂಟ್ವಾಳದ ಮೊಯಿದಿನಬ್ಬನವರ ವಿಡಿಯೋ ಅಂಗಡಿ. ಅವರ ಸಂಸಾರವೂ ಅದೇ ಕಟ್ಟಡದಲ್ಲಿ. ಅವರೊಮ್ಮೆ ಜಪಾನೀ ಕಾರ್ಟೂನೊಂದನ್ನು ಅರಬ್ಬಿ ಮಾತಿನಲ್ಲಿ ತರಿಸಿದರು. ಈಗಿನವರು ನಾಲಿಗೆ ಹೊರಳಿಸಿ 'ಅನಿಮೆ' ಎನ್ನುವ ಪದಾರ್ಥವನ್ನು ನಾವು 'ದೊಡ್ಡ ಕಣ್ಣಿನವರ ಪಿಕ್ಚರು' ಎಂದು ಕರೆದು ಕೃತಾರ್ಥರಾಗುತ್ತಿದ್ದೆವು. ಸಮುದ್ರಕ್ಕೆ ಹೋಗಿ ಮರಳದ ಅಪ್ಪನನ್ನು ಹುಡುಕಿ ಹೊರಟ ಹುಡುಗಿಯ ಕಥೆ. ಒಟ್ಟು ನಾಲ್ಕು ಕ್ಯಾಸೆಟ್ಟು. ಬಂದದ್ದು ಮೂರು, ಮೂರನ್ನೂ ನಾನು ಕೊಂಡಿದ್ದೆ; ಕೊನೆಯದು ದುಬೈಯಿಂದ ಬರಬೇಕಿತ್ತು. ಆ ಅಪ್ಪ ಸಿಕ್ಕನೋ ಇಲ್ಲವೋ ಎಂಬ ಚಿಂತೆಯಲ್ಲಿ ನನ್ನ ಎಂಟು ವರ್ಷದ ಮಗಳು ವಿದ್ಯಾ ತಟ್ಟೆಯ ಮುಂದೆ ಅನ್ನ ಕಲೆಸುತ್ತ ಕೂತುಬಿಡುತ್ತಿದ್ದಳು. ಕೊನೆಗೊಂದು ಸಂಜೆ ಅವಳ ಕೈಹಿಡಿದು ಅಂಗಡಿಗೆ ಇಳಿದೆ.

"ಎಂತ ಮಾಡುದು ಸಾರ್, ಹೋದದ್ದು ನಿಮ್ದು ಒಂದೇ ಸೆಟ್. ಜನಕ್ಕೆ ಇದು ಇಷ್ಟ ಇಲ್ಲ. ಇನ್ನು ತರಿಸುದಿಲ್ಲ, ಖಲಾಸ್" ಎಂದರು ಮೊಯಿದಿನಬ್ಬ.

ನಾನು ಪಂಡಿತನಂತೆ ತಲೆದೂಗಿದೆ. "ಖರೇ ಐತ್ರೀ. ಮಾರಲಿಲ್ಲಂದ್ರ ಮಂದಿಗೆ ಸೇರಿಲ್ಲಂತನ ಅರ್ಥ."

ಇಷ್ಟು ಗಂಭೀರವಾಗಿ ನುಡಿದ ಈ ಮಹಾನುಭಾವ ಪ್ರತಿ ಶುಕ್ರವಾರ ಏನು ಮಾಡುತ್ತಿದ್ದನೆಂಬುದನ್ನು ತಮ್ಮಲ್ಲಿ ನಿವೇದಿಸಿಕೊಳ್ಳಬೇಕು. ಪಕ್ಕದ ಮಲಯಾಳಿಯವರ ವಿ.ಸಿ.ಆರ್. ತಂದು ನಮ್ಮದಕ್ಕೆ ವೈರಿನಿಂದ ಜೋಡಿಸಿ, ಒಂದರಲ್ಲಿ ಹಾಕಿದ್ದನ್ನು ಇನ್ನೊಂದರಲ್ಲಿ ಇಳಿಸಿ, ಕೇಳಿದ ಮನೆಗೆಲ್ಲ ಹಂಚುತ್ತಿದ್ದ. ಒಬ್ಬ ಕೊಂಡರೆ ಇಡೀ ಕಟ್ಟಡ ಕೊಂಡಂತೆ ಎಂಬುದು ಗಲ್ಫಿನ ನಮ್ಮಂಥವರ ಅಲಿಖಿತ ಸಂವಿಧಾನ. ಒಂದು ಪ್ರತಿಯಂತೂ ರಜೆಗೆ ಹೊರಟವರ ಸೂಟ್‌ಕೇಸಿನಲ್ಲಿ, ಟವೆಲ್ ಸುತ್ತಿಕೊಂಡು, ಗದಗಿಗೂ ವಿಮಾನಯಾನ ಮಾಡಿತು. ಕಾಪಿಯ ಕಾಪಿಯಲ್ಲಿ ಕಡಲು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಆದರೂ ಮಕ್ಕಳು ಅದರ ಅರಬ್ಬಿ ಹಾಡನ್ನು ಮೆಟ್ಟಿಲ ಮೇಲೆ ಕೂತು ಬಾಯಿಪಾಠ ಒಪ್ಪಿಸುತ್ತಿದ್ದರು. ಇದು ಯಾವುದೂ ನನ್ನ ಸಿದ್ಧಾಂತಕ್ಕೆ ಅಡ್ಡ ಬಂದಿರಲಿಲ್ಲ.

ವಿದ್ಯಾಳಿಗೆ ಮಾತ್ರ ತಡೆಯಲಾಗಲಿಲ್ಲ. "ಎಲ್ಲಾರೂ ನೋಡ್ಯಾರ, ಅಂಕಲ್. ಪಪ್ಪಾ ಕಾಪಿ ಮಾಡಿ ಕೊಟ್ಟಾರ. ನಿಮ್ಮ ಸಫಿಯಾನೂ ನಮ್ಮ ಮನಿಯಿಂದ ಒಯ್ದು ನೋಡ್ಯಾಳ. ಎಷ್ಟು ಅತ್ತಾಳ ಗೊತ್ತೇನು?"

ಅಂಗಡಿಯ ಮಾಲು ಮನೆಗೆ ಹೋಗಬಾರದೆಂಬುದು ಮೊಯಿದಿನಬ್ಬನವರ ಶಿಸ್ತು. ಹಾಗಾಗಿ ಅವರ ಮಗಳು ಅಪ್ಪನ ಅಂಗಡಿಯ ಕಾರ್ಟೂನನ್ನು ನನ್ನ ಕಳ್ಳಪ್ರತಿಯಲ್ಲಿ ನೋಡಬೇಕಾಗಿ ಬಂದಿತ್ತು. ಅವರು ನನ್ನನ್ನು ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. "ಸಫಿಯಾ ಅತ್ತಳಾ?" ಎಂದಷ್ಟೇ ಕೇಳಿದರು. ಬೆಳಗ್ಗೆ ಮಗಳು ಏಳುವ ಮೊದಲೇ ಅಂಗಡಿಗೆ ಇಳಿದು, ಅವಳು ಮಲಗಿದ ಮೇಲೆ ಹತ್ತುವ ಮನುಷ್ಯ ಅವಳ ಕಣ್ಣೀರನ್ನು ಯಾವಾಗ ನೋಡಬೇಕಿತ್ತು? ನನಗೆ ಬಹಳ ನಾಚಿಕೆಯಾಯಿತು.

ಎರಡು ವಾರದಲ್ಲಿ ನಾಲ್ಕನೆಯ ಕ್ಯಾಸೆಟ್ಟು ಬಂತು, ಒಂದೇ ಒಂದು. ಪ್ರಾಯಶ್ಚಿತ್ತಾರ್ಥವಾಗಿ ನಾನು ಪರ್ಸು ತೆಗೆದರೆ ಅವರು ನನ್ನ ಕೈಯನ್ನು ಹಿಂದಕ್ಕೆ ತಳ್ಳಿದರು. "ಇದು ಮಾರ್ಲಿಕ್ಕೆ ಅಲ್ಲ ಸಾರ್. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಮಕ್ಕಳನ್ನೆಲ್ಲ ನಮ್ಮ ಮನೆಗೆ ಕಳ್ಸಿ."

ಅಂದು ಅಂಗಡಿಗೆ ಬೀಗ. ಕಾರ್ಪೆಟ್ಟಿನ ತುಂಬ ಮಕ್ಕಳು. ಮೊಯಿದಿನಬ್ಬನವರ ತೊಡೆಯ ಮೇಲೆ ಸಫಿಯಾ. ಪರದೆಯ ಹುಡುಗಿಗೆ ಅಪ್ಪ ಸಿಕ್ಕಾಗ ಅವರು ಟೊಪ್ಪಿಯಲ್ಲಿ ಕಣ್ಣೊರೆಸಿಕೊಂಡರು. ಒಂದಕ್ಷರ ಅರಬ್ಬಿ ಬಾರದ ನಾನೂ ಅತ್ತೆ.

ಆ ನಾಲ್ಕನೆಯ ಕ್ಯಾಸೆಟ್ಟು ನಮ್ಮ ಬೀದಿಯಲ್ಲಿ ಒಂದೂ ಮಾರಾಟವಾಗಲಿಲ್ಲ. ಆದ್ದರಿಂದ, ನನ್ನ ಸಿದ್ಧಾಂತದ ಪ್ರಕಾರ, ಅದು ಯಾರಿಗೂ ಇಷ್ಟವಾಗಲಿಲ್ಲ.